ಕೊಡುವವರಿಗೂ ಪಡೆಯುವವರಿಗೂ ನಡುವೆ: ಅಂಗದಾನ ಸಂಯೋಜಕರ ಚರಿತ್ರೆ

1967ರ ಡಿಸೆಂಬರ್ 2, ಶನಿವಾರ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದಲ್ಲಿ ಕುಟುಂಬವೊಂದು ಕೇಕ್ ಕೊಳ್ಳಲೆಂದು ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿತು. ತಾಯಿ ಮತ್ತು ಮಗಳು ರಸ್ತೆ ದಾಟುವಾಗ ಮತ್ತೊಂದು ಕಾರು ಅವರಿಬ್ಬರಿಗೂ ಬಡಿಯಿತು. ತಾಯಿ ಸ್ಥಳದಲ್ಲೇ ತೀರಿಕೊಂಡರು. 25 ವರ್ಷದ ಮಗಳು ಡೆನಿಸ್ ಡಾರ್ವಾಲ್‌ಳ ತಲೆಗೆ ಬಿದ್ದ ಪೆಟ್ಟು ವಾಸಿಯಾಗುವಂಥದ್ದಾಗಿರಲಿಲ್ಲ. ಅಂದು ರಾತ್ರಿ ಗ್ರೂಟೆ ಶೂರ್ ಆಸ್ಪತ್ರೆಯ ವೈದ್ಯರು ಆಕೆಯ ತಂದೆ ಎಡ್ವರ್ಡ್ ಡಾರ್ವಾಲರ ಬಳಿಗೆ ಬಂದು, ಮಗಳ ಹೃದಯವನ್ನು ಮತ್ತೊಬ್ಬ ರೋಗಿಗೆ ಕೊಡಬಹುದೇ ಎಂದು ಕೇಳಿದರು. ಒಂದೇ ದಿನ ಪತ್ನಿಯನ್ನೂ ಮಗಳನ್ನೂ ಕಳೆದುಕೊಳ್ಳುತ್ತಿದ್ದ ಆ ತಂದೆ ನಾಲ್ಕು ನಿಮಿಷ ಮೌನವಾಗಿದ್ದರಂತೆ. ಬಳಿಕ, ಮಗಳನ್ನು ಉಳಿಸಲಾಗದಿದ್ದರೆ ಆ ಮನುಷ್ಯನನ್ನಾದರೂ ಉಳಿಸಲು ಯತ್ನಿಸಿರಿ ಎಂದು ಒಪ್ಪಿಗೆ ಕೊಟ್ಟರು.

ಮರುದಿನದ ಮುಂಜಾನೆ ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಅವರ ತಂಡ ಮನುಷ್ಯನಿಂದ ಮನುಷ್ಯನಿಗೆ ಹೃದಯ ಕಸಿ ಮಾಡಿ ಜಗತ್ತನ್ನೇ ಬೆರಗುಗೊಳಿಸಿತು. ಹೃದಯ ಪಡೆದ ಲೂಯಿ ವಾಶ್ಕಾನ್‌ಸ್ಕಿ ಬದುಕಿದ್ದು 18 ದಿನ ಮಾತ್ರ. ಆದರೂ ಇತಿಹಾಸವು ಶಸ್ತ್ರವೈದ್ಯರನ್ನೂ ರೋಗಿಯನ್ನೂ ನೆನಪಿನಲ್ಲಿ ಇರಿಸಿಕೊಂಡಿದೆ. ಆ ನಾಲ್ಕು ನಿಮಿಷಗಳನ್ನು ನೆನೆಯುವವರು ವಿರಳ.

ಪ್ರಿಯ ಓದುಗರೇ, ಆ ರಾತ್ರಿ ದುಃಖದಲ್ಲಿ ಮುಳುಗಿದ್ದ ತಂದೆಯ ಪಕ್ಕದಲ್ಲಿ ಕುಳಿತು, ಅವರ ಪ್ರಶ್ನೆಗಳಿಗೆ ಉತ್ತರಿಸುವುದನ್ನೇ ಕರ್ತವ್ಯವಾಗಿ ಉಳ್ಳ ವ್ಯಕ್ತಿ ಯಾರೂ ಇರಲಿಲ್ಲ. ಹೃದಯ ಬೇಕಾಗಿದ್ದ ಆಸ್ಪತ್ರೆಯೇ ಹೃದಯವನ್ನು ಕೇಳಬೇಕಾಯಿತು. ಈ ಕೊರತೆಯನ್ನು ತುಂಬಲು ರೂಪುಗೊಂಡ ಸೇವೆಯೇ ಅಂಗಾಂಗ ಕಸಿ ಸಂಯೋಜಕರ ಸೇವೆ.

ಆರಂಭದಲ್ಲಿ ಇಂಥವರ ಅಗತ್ಯವಿರಲಿಲ್ಲ. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆಯವರು ಮೂತ್ರಪಿಂಡದ ಮೊದಲ ಯಶಸ್ವಿ ಕಸಿ ನಡೆಸಿದಾಗ ದಾನಿಯೂ ರೋಗಿಯೂ ಒಂದೇ ತಾಯಿಯ ತದ್ರೂಪಿ ಅವಳಿ ಮಕ್ಕಳು. ಕೊಡುವವರು ಯಾರು, ಪಡೆಯುವವರು ಯಾರು ಎಂಬ ಪ್ರಶ್ನೆ ಆ ಮನೆಯೊಳಗೇ ಬಗೆಹರಿದಿತ್ತು. ಆದರೆ ಮೃತರ ಅಂಗಗಳನ್ನು ಅಪರಿಚಿತರಿಗೆ ಜೋಡಿಸುವ ಕಾಲ ಬಂದಾಗ ಎರಡು ಕಷ್ಟಗಳು ಎದುರಾದವು. ಯಾವ ಅಂಗ ಯಾರ ದೇಹಕ್ಕೆ ಒಗ್ಗುತ್ತದೆ ಎಂಬುದು ಮೊದಲನೆಯದು. 1964ರಲ್ಲಿ ಪಾಲ್ ತೆರಸಾಕಿ ಅವರು ಅಂಗಾಂಶ ಹೊಂದಾಣಿಕೆಯ ಸರಳ ಪರೀಕ್ಷೆಯೊಂದನ್ನು ರೂಪಿಸಿದರು. ಒಂದು ಆಸ್ಪತ್ರೆಯ ದಾನಿಗೆ ತಕ್ಕ ರೋಗಿ ಮತ್ತೊಂದು ನಾಡಿನಲ್ಲಿ ಇರಬಹುದೆಂಬುದನ್ನು ಮನಗಂಡ ಯಾನ್ ವಾನ್ ರೂಡ್ 1967ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಯೂರೋಟ್ರಾನ್ಸ್‌ಪ್ಲಾಂಟ್ ಸಂಸ್ಥೆಯನ್ನು ಸ್ಥಾಪಿಸಿ, ದೇಶಗಳ ಗಡಿ ದಾಟಿ ಅಂಗಗಳನ್ನು ಹಂಚಿಕೊಳ್ಳುವ ಪದ್ಧತಿಗೆ ನಾಂದಿ ಹಾಡಿದರು.

ಎರಡನೆಯ ಕಷ್ಟ ನಂಬಿಕೆಯದು. ಎದೆ ಏರಿಳಿಯುತ್ತಿರುವ, ಮೈ ಬೆಚ್ಚಗಿರುವ ಮಗನನ್ನು ಸತ್ತನೆಂದು ತಾಯಿ ಹೇಗೆ ನಂಬಿಯಾಳು? ಅಂಗದ ಆಸೆಗಾಗಿ ವೈದ್ಯರು ಅವಸರಪಟ್ಟರೇ ಎಂಬ ಶಂಕೆ ಬಂದರೆ ದಾನದ ಬಾಗಿಲೇ ಮುಚ್ಚಿಹೋಗುತ್ತದೆ. 1968ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಮಿತಿಯು ಮಿದುಳಿನ ಸಾವಿನ ಲಕ್ಷಣಗಳನ್ನು ಗೊತ್ತುಪಡಿಸಿದಾಗ, ಸಾವನ್ನು ಘೋಷಿಸುವ ವೈದ್ಯರು ಕಸಿಯಲ್ಲಿ ಪಾಲ್ಗೊಳ್ಳಬಾರದೆಂದೂ ಸೂಚಿಸಿತು. ಕೇಳುವವರೂ ಬೇರೆಯಾಗಿರಬೇಕೆಂಬ ಅರಿವು ಕ್ರಮೇಣ ಬಲಿಯಿತು. 1979ರಲ್ಲಿ ಉತ್ತರ ಅಮೆರಿಕದ ಸಂಯೋಜಕರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. 1984ರಲ್ಲಿ ಅಮೆರಿಕದ ಕಾನೂನು ಅಂಗಗಳ ಮಾರಾಟವನ್ನು ನಿಷೇಧಿಸಿ, ಹಂಚಿಕೆಗೆ ರಾಷ್ಟ್ರೀಯ ಜಾಲವೊಂದಕ್ಕೆ ದಾರಿ ಮಾಡಿತು. ಆದರೆ ಈ ಸೇವೆಯ ನಿಜವಾದ ಶಕ್ತಿಯನ್ನು ಲೋಕಕ್ಕೆ ತೋರಿಸಿದ್ದು ಸ್ಪೇನ್. 1989ರಲ್ಲಿ ಡಾ. ರಫಾಯೆಲ್ ಮಾತೆಸಾನ್ಸ್ ಅವರ ಮುಂದಾಳತ್ವದಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಸಂಯೋಜಕರನ್ನು ನೇಮಿಸಲಾಯಿತು. ಹತ್ತು ವರ್ಷಗಳಲ್ಲಿ ದಾನಿಗಳ ಪ್ರಮಾಣ ಇಮ್ಮಡಿಯನ್ನೂ ಮೀರಿತು. ಸ್ಪೇನಿನ ಜನರ ಹೃದಯ ಇದ್ದಕ್ಕಿದ್ದಂತೆ ಬದಲಾಯಿತೇ? ಇಲ್ಲ, ಸರಿಯಾದ ಹೊತ್ತಿನಲ್ಲಿ, ಸರಿಯಾದ ರೀತಿಯಲ್ಲಿ ಅವರನ್ನು ಕೇಳುವವರು ದೊರೆತರು.

ಧರ್ಮಸಭೆಯೂ ಈ ಪ್ರಶ್ನೆಯಿಂದ ದೂರ ಉಳಿಯಲಿಲ್ಲ. ಯುದ್ಧದಲ್ಲಿ ಅಂಗವಿಕಲರಾದ ಮಕ್ಕಳನ್ನು ಸಲಹಿದ ಇಟಲಿಯ ಗುರು ಕಾರ್ಲೊ ನ್ಯೊಕ್ಕಿ ಅವರು 1956ರಲ್ಲಿ ಮರಣಹೊಂದಿದಾಗ, ಅವರ ಇಚ್ಛೆಯಂತೆ ಅವರ ಕಣ್ಣಿನ ಪಾರದರ್ಶಕ ಪಟಲಗಳು ಇಬ್ಬರು ಅಂಧರಿಗೆ ದೃಷ್ಟಿ ನೀಡಿದವು. ಇಟಲಿಯಲ್ಲಿ ಅದಕ್ಕೆ ಕಾನೂನು ಬಂದದ್ದು ಮರುವರ್ಷ. ಸಾವಿನ ಕ್ಷಣವನ್ನು ನಿರ್ಧರಿಸುವುದು ವೈದ್ಯರ ಹೊಣೆಯೆಂದು ಜಗದ್ಗುರು ಹನ್ನೆರಡನೆಯ ಪಯಸ್ 1957ರಲ್ಲಿ ನುಡಿದರು. 2000ದ ಆಗಸ್ಟ್‌ನಲ್ಲಿ ರೋಮ್‌ನಲ್ಲಿ ನಡೆದ ಕಸಿ ತಜ್ಞರ ಸಮ್ಮೇಳನದಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಮಾತನಾಡುತ್ತಾ, ಅಂಗಗಳು ವ್ಯಾಪಾರದ ಸರಕಾಗಬಾರದು, ಹಂಚಿಕೆಯು ಜಾತಿ, ಮತ, ಅಂತಸ್ತುಗಳನ್ನು ನೋಡದೆ ವೈದ್ಯಕೀಯ ಆಧಾರದ ಮೇಲೆಯೇ ನಡೆಯಬೇಕು ಎಂದರು. ಸಂಯೋಜಕರ ಕೆಲಸದ ಧರ್ಮ ಇದೇ ಅಲ್ಲವೇ?

ನಮ್ಮ ದೇಶದ ಕಥೆಯಲ್ಲಿ ಬೆಳಕೂ ಇದೆ, ಕತ್ತಲೆಯೂ ಇದೆ. 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಭಾರತದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ನಡೆಯಿತು. ಆದರೆ ಮುಂದಿನ ದಶಕಗಳಲ್ಲಿ ಸಾಲದಲ್ಲಿ ಸಿಲುಕಿದ ಬಡವರು ಮೂತ್ರಪಿಂಡ ಮಾರಿಕೊಳ್ಳುವ ದಂಧೆ ಬೆಳೆಯಿತು. ಕೊಡುವವರಿಗೂ ಪಡೆಯುವವರಿಗೂ ನಡುವೆ ಅಲ್ಲಿ ನಿಂತಿದ್ದವನು ದಲ್ಲಾಳಿ! ಇದನ್ನು ತಡೆಯಲು 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ಬಂದಿತು. ಮಿದುಳಿನ ಸಾವಿಗೂ ಮಾನ್ಯತೆ ದೊರೆಯಿತು. ಕಸಿ ನಡೆಸುವ ಆಸ್ಪತ್ರೆ ಸಂಯೋಜಕರನ್ನು ನೇಮಿಸಲೇಬೇಕೆಂದು 2011ರ ತಿದ್ದುಪಡಿ ವಿಧಿಸಿತು. ದಲ್ಲಾಳಿ ನಿಂತಿದ್ದ ಜಾಗದಲ್ಲಿ ಸೇವಕರು ಬಂದು ನಿಂತರು.

ಕರ್ನಾಟಕದಲ್ಲಿ 2007ರಲ್ಲಿ ಸ್ಥಾಪನೆಯಾದ ವಲಯ ಸಮನ್ವಯ ಸಮಿತಿಯ ಮುಂದುವರಿಕೆಯೇ ಇಂದಿನ ‘ಜೀವಸಾರ್ಥಕತೆ’. 2021ರ ಜೂನ್‌ನಲ್ಲಿ ರಾಷ್ಟ್ರಪ್ರಶಸ್ತಿ ವಿಜೇತ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ಗಾಯಗೊಂಡು ಅವರ ಮಿದುಳು ನಿಷ್ಕ್ರಿಯವಾದಾಗ, ಕುಟುಂಬದವರು ಅವರ ಅಂಗಾಂಗಗಳನ್ನು ದಾನಮಾಡಿದುದನ್ನು ನಾಡು ಮರೆತಿಲ್ಲ.

ಇಂಥ ಪ್ರತಿಯೊಂದು ದಾನದ ಹಿಂದೆಯೂ ನಿದ್ದೆಗೆಟ್ಟ ರಾತ್ರಿಯೊಂದು ಇರುತ್ತದೆ. ನಾಲ್ವರು ವೈದ್ಯರ ಮಂಡಳಿಯು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮಿದುಳಿನ ಸಾವನ್ನು ದೃಢಪಡಿಸಬೇಕು. ಸಂಯೋಜಕರು ಮನೆಯವರೊಡನೆ ಕುಳಿತು, ಅವರ ಅಳುವಿಗೆ ಅವಕಾಶ ಕೊಟ್ಟು, ದಾನದ ಮಾತನ್ನು ಮೆಲ್ಲನೆ ಎತ್ತುತ್ತಾರೆ. ಬೇಡವೆಂದರೆ ಬಲವಂತವಿಲ್ಲ. ಒಪ್ಪಿದರೆ ಗಡಿಯಾರದೊಡನೆ ಓಟ ಆರಂಭವಾಗುತ್ತದೆ. ಹೊರತೆಗೆದ ಹೃದಯ ನಾಲ್ಕಾರು ಗಂಟೆಗಳಷ್ಟೇ ತಾಳುತ್ತದೆ. ಯಕೃತ್ತಿಗೆ ಹನ್ನೆರಡು ಗಂಟೆಗಳಷ್ಟು ಕಾಲವಿದೆ. ಮೂತ್ರಪಿಂಡಕ್ಕೆ ಒಂದು ದಿನದಷ್ಟು. ರಕ್ತದ ಗುಂಪು, ದೇಹದ ಗಾತ್ರ, ರೋಗದ ತೀವ್ರತೆ, ಕಾದ ಕಾಲ ಇವೆಲ್ಲವನ್ನೂ ನೋಡಿ ಪಟ್ಟಿಯಂತೆ ರೋಗಿಯನ್ನು ಗುರುತಿಸಲಾಗುತ್ತದೆ. ಪೊಲೀಸರು ದಾರಿ ತೆರವು ಮಾಡುತ್ತಾರೆ. ಕೊನೆಗೆ ಪಾರ್ಥಿವ ಶರೀರವನ್ನು ಗೌರವದಿಂದ ಮನೆಯವರಿಗೆ ಒಪ್ಪಿಸುವವರೆಗೂ ಸಂಯೋಜಕರ ಕೆಲಸ ಮುಗಿಯುವುದಿಲ್ಲ. ಒಂದು ಆಸ್ಪತ್ರೆಯಲ್ಲಿ ಅಳು, ಮತ್ತೊಂದರಲ್ಲಿ ಆನಂದ. ಎರಡೂ ಮನೆಗಳ ಹೆಸರನ್ನು ಬಲ್ಲವರು ಇವರು. ಆದರೆ ಒಬ್ಬರ ಹೆಸರನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ.

ಕೇಪ್‌ಟೌನಿನ ಆ ತಂದೆ ಮಗಳ ಕೊಡುಗೈ ಸ್ವಭಾವವನ್ನು ನೆನೆದು ಒಪ್ಪಿದರೆಂದು ಹೇಳುತ್ತಾರೆ. ಅವರಿಗೆ ದಾರಿ ತೋರಿದ್ದು ಮಗಳ ಬದುಕೇ. ನಮ್ಮ ಮನಸ್ಸಿನಲ್ಲಿ ಏನಿದೆಯೆಂಬುದು ನಮ್ಮ ಮನೆಯವರಿಗೆ ಗೊತ್ತಿದೆಯೇ? ಊಟದ ಹೊತ್ತಿನಲ್ಲಿ ಒಮ್ಮೆ ಈ ಮಾತನ್ನು ಆಡಿಕೊಂಡಿದ್ದರೆ, ಆಸ್ಪತ್ರೆಯ ಆ ಕೋಣೆಯಲ್ಲಿ ನಮ್ಮವರ ಹೊರೆ ಎಷ್ಟೋ ಹಗುರಾದೀತು.