ಚಾಲಕನೂ ನಿರ್ವಾಹಕನೂ

ಒಬ್ಬ ರೋಗಿಯ ನಾಡಿ ಹಿಡಿದು ರೋಗವನ್ನರಿಯುವುದು ವೈದ್ಯನ ಕೆಲಸ. ಆದರೆ ಒಂದು ಜನಸಮುದಾಯದ ನಾಡಿಯನ್ನು ಹಿಡಿಯುವುದು ಹೇಗೆ? ಈ ಪ್ರಶ್ನೆಯ ಬೆನ್ನುಹತ್ತಿದವರಲ್ಲಿ ಲಂಡನ್ನಿನ ವೈದ್ಯ ಜೆರಿ ಮಾರಿಸ್ ಒಬ್ಬರು.

ಎರಡನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡಿನಲ್ಲಿ ಹೃದಯಾಘಾತ ಹೆಚ್ಚುತ್ತಿತ್ತು. ಮಾರಿಸ್ ಮತ್ತು ಅವರ ಸಂಗಡಿಗರ ದೃಷ್ಟಿ ಆ ನಗರದ ಎರಡಂತಸ್ತಿನ ಬಸ್ಸುಗಳತ್ತ ಹರಿಯಿತು. ಚಾಲಕ ದಿನವೆಲ್ಲ ಕುಳಿತಿರುವವನು; ನಿರ್ವಾಹಕ ಟಿಕೆಟು ಕೊಡುತ್ತ ಮೆಟ್ಟಿಲು ಹತ್ತಿ ಇಳಿಯುವವನು. ಊರೊಂದೇ, ಬಸ್ಸೂ ಒಂದೇ. 35ರಿಂದ 64 ವಯಸ್ಸಿನ ಸುಮಾರು 31,000 ಸಾರಿಗೆ ನೌಕರರನ್ನು ಕುರಿತ ಅಧ್ಯಯನ 1953ರಲ್ಲಿ ಪ್ರಕಟವಾಯಿತು. ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆ; ಬಂದರೂ ಅದರ ಉಗ್ರತೆ ಕಡಿಮೆ.

ಇಲ್ಲಿಗೇ ಸುಮ್ಮನಾಗಬಹುದಿತ್ತು. ಮಾರಿಸ್ ತಮ್ಮ ತೀರ್ಮಾನವನ್ನೇ ಶಂಕಿಸಿದರು. ಸ್ಥೂಲಕಾಯರೇ ಚಾಲಕರಾಗಿ ಸೇರುತ್ತಿದ್ದರೆ? ನೌಕರರ ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿದರು. ಎಳೆಯ ಚಾಲಕರ ಸೊಂಟದ ಸುತ್ತಳತೆಯೂ ಅದೇ ವಯಸ್ಸಿನ ನಿರ್ವಾಹಕರದಕ್ಕಿಂತ ಹೆಚ್ಚಾಗಿತ್ತು! ತಮ್ಮ ವಾದಕ್ಕೆ ತೊಡಕಾಗುವ ಈ ಸಂಗತಿಯನ್ನು ಬಚ್ಚಿಡದೆ 1956ರಲ್ಲಿ ಪ್ರಕಟಿಸಿದರು. ಮುಂದೆ, ಎಲ್ಲರೂ ಕುಳಿತೇ ದುಡಿಯುವ ಸರ್ಕಾರಿ ಕಚೇರಿಗಳ ನೌಕರರಲ್ಲಿ ಬಿಡುವಿನ ವೇಳೆಯ ವ್ಯಾಯಾಮವನ್ನು ವಿಚಾರಿಸಿದರು. ಹುರುಪಿನ ವ್ಯಾಯಾಮ ಮಾಡುವವರಲ್ಲಿ ಹೃದ್ರೋಗ ಕಡಿಮೆಯೆಂದು 1973ರಲ್ಲಿ ವರದಿ ಮಾಡಿದರು.

ಹಸ್ತಪ್ರತಿಗಳನ್ನು ಹೋಲಿಸುವ ವಿದ್ವಾಂಸ ಮೊದಲು ಅವುಗಳ ಮೂಲವನ್ನು ವಿಚಾರಿಸುತ್ತಾನೆ. ಜನರನ್ನು ಹೋಲಿಸುವವನಿಗೂ ಆ ಎಚ್ಚರ ಬೇಕು. ವ್ಯಾಯಾಮವನ್ನೇ ಚಿಕಿತ್ಸೆಯಾಗಿ ನೀಡಲಿರುವ ಭೌತಚಿಕಿತ್ಸೆಯ ವಿದ್ಯಾರ್ಥಿಗಳು ಬಸ್ಸಿನ ಮೆಟ್ಟಿಲುಗಳ ಜೊತೆಗೆ ಆ ಸಮವಸ್ತ್ರದ ಅಳತೆಗಳನ್ನೂ ನೆನಪಿಡುವುದು ಒಳ್ಳೆಯದು.