ಮಾಂಡವಿ ದಾಟಲು ಎಷ್ಟು ಯೂನಿಟ್ ಬೇಕು?

ಗೋವಾ ಸರ್ಕಾರ 2021ರಲ್ಲಿ ಎಲೆಕ್ಟ್ರಿಕ್ ವಾಹನ ನೀತಿ ತಂದಿತು. 2024ರ ಜನವರಿಯಿಂದ ಹೊಸದಾಗಿ ರಸ್ತೆಗಿಳಿಯುವ ಪ್ರವಾಸಿ ವಾಹನಗಳೆಲ್ಲ ಎಲೆಕ್ಟ್ರಿಕ್ ಆಗಿರಬೇಕೆಂದು ಮುಖ್ಯಮಂತ್ರಿ ಪ್ರಮೋದ್ ಸಾವಂತ್ 2023ರಲ್ಲಿ ಘೋಷಿಸಿದರು. ಕದಂಬ ಸಾರಿಗೆ ನಿಗಮ ಎಲೆಕ್ಟ್ರಿಕ್ ಬಸ್ಸುಗಳನ್ನೂ ಓಡಿಸುತ್ತಿದೆ. ಹೀಗೆ ಮಾತೆಲ್ಲ ರಸ್ತೆಯ ಸುತ್ತಲೇ ನಡೆದಿದೆ. ಆದರೆ ಗೋವಾದ ನಿತ್ಯದ ಓಡಾಟದಲ್ಲಿ ನದಿಗೂ ದೊಡ್ಡ ಪಾಲಿದೆ. ಮಾಂಡವಿ ನದಿಯ ಪಣಜಿ–ಬೇತಿ, ರಾಯಬಂದರ್–ಚೋಡಣ, ದಿವಾಡಿ ದ್ವೀಪದ ದಾಟುಗಳಲ್ಲಿ ನದಿ ಸಂಚಾರ ಇಲಾಖೆಯ ಫೆರಿಗಳು ಬೆಳಗಿನಿಂದ ರಾತ್ರಿಯವರೆಗೆ ಜನ, ಸ್ಕೂಟರು, ಕಾರುಗಳನ್ನು ಸಾಗಿಸುತ್ತವೆ. ಸಿಗಂದೂರಿನ ಲಾಂಚ್ ಹತ್ತಿದ್ದವರಿಗೆ ಇವು ಅಪರಿಚಿತವಲ್ಲ: ಚಪ್ಪಟೆ ತಳ, ದಡಕ್ಕೆ ಇಳಿಬಿಡುವ ಹಲಗೆ, ಕೆಳಗೆ ಗುಡುಗುಡು ಡೀಸೆಲ್ ಎಂಜಿನ್ನು. ವಿದ್ಯುತ್ತು ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಸಲೀಸಾಗಿ ಒಗ್ಗುವುದು ಈ ಫೆರಿಗಳಿಗೇ ಎಂಬುದು ನನ್ನ ವಾದ. ಬಸ್ಸು, ಟ್ಯಾಕ್ಸಿ ಅದರ ನಂತರ. ಸಮುದ್ರಕ್ಕೆ ಹೋಗುವ ಟ್ರಾಲರಿನ ಸರದಿ ಇನ್ನೂ ಬಹಳ ದೂರ.

ವಿದ್ಯುತ್ ದೋಣಿ ಹೊಸದೇನಲ್ಲ. ವಯಸ್ಸಿನಲ್ಲಿ ಅದು ಪೆಟ್ರೋಲ್ ಕಾರಿಗಿಂತ ಹಿರಿದು. 1838–39ರಲ್ಲಿ ಮೊರಿಟ್ಜ್ ಯಾಕೋಬಿ ಎಂಬ ವಿಜ್ಞಾನಿ ಸೇಂಟ್ ಪೀಟರ್ಸ್‌ಬರ್ಗಿನ ನೀವಾ ನದಿಯಲ್ಲಿ ಬ್ಯಾಟರಿ ಮೋಟರಿನ ದೋಣಿ ನಡೆಸಿ ತೋರಿಸಿದ. ಮತ್ತೆ ಮತ್ತೆ ಚಾರ್ಜು ಮಾಡಬಲ್ಲ ಸೀಸದ ಬ್ಯಾಟರಿ 1859ರಲ್ಲಿ ಬಂತು. 1881ರಲ್ಲಿ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಗುಸ್ತಾವ್ ತ್ರೂವೆಯ ದೋಣಿ ಓಡಿತು. ಹತ್ತೊಂಬತ್ತನೇ ಶತಮಾನ ಮುಗಿಯುವ ಮೊದಲೇ ಥೇಮ್ಸ್ ನದಿಯುದ್ದಕ್ಕೂ ದೋಣಿಗಳಿಗೆ ಚಾರ್ಜಿಂಗ್ ಕೇಂದ್ರಗಳಿದ್ದವು. ರಸ್ತೆಯಲ್ಲೂ ಅಷ್ಟೇ: ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು 1899ರಲ್ಲಿ ಮೊದಲು ದಾಟಿದ ಕಾರು ವಿದ್ಯುತ್ತಿನದು. ಇಷ್ಟಿದ್ದೂ ಅಗ್ಗದ ತೈಲ ಗೆದ್ದಿತು. 1912ರಲ್ಲಿ ಸೆಲ್ಫ್ ಸ್ಟಾರ್ಟರ್ ಬಂದು ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸುವ ಕಷ್ಟವೂ ತಪ್ಪಿತು. ನಮ್ಮ ಬೆಂಗಳೂರಿನ ವಿದ್ಯುತ್ ಕಾರು ರೇವಾ 2001ರಲ್ಲಿ ಮಾರುಕಟ್ಟೆಗೆ ಬಂದಾಗಲೂ ಅದರೊಳಗಿದ್ದದ್ದು ಸೀಸದ ಬ್ಯಾಟರಿಯೇ. ಒಂದು ಚಾರ್ಜಿಗೆ ಎಂಬತ್ತು ಕಿಲೋಮೀಟರ್ ಅದರ ಮಿತಿ. ಅದನ್ನು ಕಟ್ಟಿದ ಚೇತನ್ ಮೈನಿ ಮತ್ತು ಅವರ ತಂಡ ತುಂಬ ಮೊದಲೇ ಬಂದವರು. ಲಿಥಿಯಂ ಬ್ಯಾಟರಿ ಅಗ್ಗವಾಗುವ ತನಕ ಆ ಕನಸಿಗೆ ಮೈ ಬರುವಂತಿರಲಿಲ್ಲ.

ಲಿಥಿಯಂ ಬಂದಮೇಲೂ ದೋಣಿ ಮತ್ತು ಕಾರಿನ ಲೆಕ್ಕ ಒಂದೇ ಅಲ್ಲ. ಕಾರು ಇಳಿಜಾರಿನಲ್ಲಿ, ಬ್ರೇಕ್ ಒತ್ತಿದಾಗ ಒಂದಿಷ್ಟು ವಿದ್ಯುತ್ತನ್ನು ಮರಳಿ ಗಳಿಸುತ್ತದೆ. ನೀರು ಹಾಗೆ ಏನನ್ನೂ ಹಿಂದಿರುಗಿಸುವುದಿಲ್ಲ, ಪ್ರತಿ ಮೀಟರಿಗೂ ದುಡಿಸಿಕೊಳ್ಳುತ್ತದೆ. ದೋಣಿಯ ವೇಗ ಎರಡು ಪಟ್ಟಾದರೆ ಮೋಟರಿಗೆ ಬೇಕಾಗುವ ಕಿಲೋವಾಟ್ ಸುಮಾರು ಎಂಟು ಪಟ್ಟಾಗುತ್ತದೆ. ಒಂದು ಲೀಟರ್ ಡೀಸೆಲಿನಲ್ಲಿ ಹತ್ತು ಯೂನಿಟ್ಟಿನಷ್ಟು ಶಕ್ತಿ ಇದೆ. ಮೂರರಲ್ಲಿ ಎರಡು ಪಾಲು ಬಿಸಿಯಾಗಿ ಹೋದರೂ ಉಳಿದದ್ದಕ್ಕೆ ಸರಿಸಮನಾದ ಬ್ಯಾಟರಿ ಇಪ್ಪತ್ತು ಕಿಲೋಗೂ ಹೆಚ್ಚು ತೂಗುತ್ತದೆ. ದಿನಗಟ್ಟಲೆ ಕಡಲಲ್ಲಿರುವ ಟ್ರಾಲರಿಗೆ ಈ ಹೊರೆ ಆಗದು. ಆದರೆ ನಿಧಾನವಾಗಿ, ಸ್ವಲ್ಪ ದೂರವನ್ನು, ದಿನವಿಡೀ ಅದೇ ಎರಡು ಧಕ್ಕೆಗಳ ನಡುವೆ ಹೋಗಿಬರುವ ದೋಣಿಗೆ ಈ ತೊಡಕು ಯಾವುದೂ ಅಡ್ಡಬಾರದು. ನಾರ್ವೆ ಇದನ್ನು 2015ರಲ್ಲೇ ತೋರಿಸಿತು. ‘ಆಂಪೇರ್’ ಎಂಬ ಕಾರು ಫೆರಿ 5.7 ಕಿಲೋಮೀಟರ್ ದಾಟಿ, ಜನ-ವಾಹನ ಹತ್ತಿಳಿಯುವ ಹತ್ತು ನಿಮಿಷದಲ್ಲಿ ಚಾರ್ಜ್ ಆಗುತ್ತಿತ್ತು. ಅಲ್ಲಿನ ಹಳ್ಳಿಯ ವಿದ್ಯುತ್ ಲೈನಿಗೆ ಅಷ್ಟು ಭಾರ ತಾಳುವ ಶಕ್ತಿ ಇರಲಿಲ್ಲ. ಅದಕ್ಕೇ ಎರಡೂ ದಡದಲ್ಲಿ ಬ್ಯಾಟರಿಗಳನ್ನಿಟ್ಟು ಅವನ್ನು ನಿಧಾನ ತುಂಬಿಸಿಕೊಂಡರು. ಎರಡು ವರ್ಷದ ಬಳಿಕ, 2017ರ ಜನವರಿಯಲ್ಲಿ, ಕೇರಳದ ವೈಕಂನಲ್ಲಿ 75 ಆಸನಗಳ ‘ಆದಿತ್ಯ’ ಚಾವಣಿಯ ಸೌರ ಫಲಕಗಳ ಬಲದಿಂದ ಓಡಿತು. 2023ರ ಏಪ್ರಿಲಿನಲ್ಲಿ ಕೊಚ್ಚಿ ವಾಟರ್ ಮೆಟ್ರೊ ಆರಂಭವಾಯಿತು. ನೂರು ಜನ ಹಿಡಿಸುವ ಅದರ ದೋಣಿಗಳನ್ನು ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿತು.

ಗೋವಾ ಸುಮ್ಮನೆ ಕೂತಿರಲಿಲ್ಲ. ಸುಮಾರು ನಾಲ್ಕು ಕೋಟಿ ರೂಪಾಯಿಯ, 60 ಜನ ಕೂರುವ ಸೌರ ದೋಣಿಯೊಂದು ಪಣಜಿಗೆ ಬಂತು, ಉದ್ಘಾಟನೆಯೂ ಆಯಿತು. ಆಮೇಲೆ ಬಹುಕಾಲ ಅದು ಕೆಲಸವಿಲ್ಲದೆ ಕಟ್ಟಿಯೇ ಇತ್ತು. ವಿದ್ಯುತ್ ದೋಣಿ ಗೋವಾಕ್ಕೆ ಆಗಿಬರುವುದಿಲ್ಲ ಎನ್ನಲು ಕೆಲವರು ಇದನ್ನೇ ಸಾಕ್ಷಿ ಹಿಡಿಯುತ್ತಾರೆ. ನಾನು ಒಪ್ಪುವುದಿಲ್ಲ. ಗೋವಾದಲ್ಲಿ ಫೆರಿ ಹತ್ತುವವರು ಬಹುತೇಕ ಸ್ಕೂಟರಿನೊಡನೆ ಬರುವವರು. ಜನ ಮಾತ್ರ ಕೂರುವ ದೋಣಿ ಎಷ್ಟೇ ಚೆನ್ನಾಗಿದ್ದರೂ ಅವರಿಗೆ ಪ್ರಯೋಜನವಿಲ್ಲ. ಮೊದಲು ದೋಣಿ ಕೊಂಡು ಆಮೇಲೆ ಅದಕ್ಕೆ ಮಾರ್ಗ ಹುಡುಕಿದರೆ ಹೀಗಾಗುತ್ತದೆ. ಮಾರ್ಗದಿಂದಲೇ ಲೆಕ್ಕ ಶುರು ಮಾಡೋಣ. ಪಣಜಿ–ಬೇತಿ ನಡುವೆ ಒಂದು ಕಿಲೋಮೀಟರೂ ಇಲ್ಲ. ವಾಹನ ಹೊರುವ ಫೆರಿಗೆ ಸರಾಸರಿ 60 ಕಿಲೋವಾಟ್, ದಾಟಲು ಐದು ನಿಮಿಷ ಎಂದಿಟ್ಟುಕೊಂಡರೆ ಒಂದು ದಾಟಿಗೆ 5 ಯೂನಿಟ್. ದಿನಕ್ಕೆ ನೂರು ದಾಟು ಎಂದರೆ 500 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 3,500 ರೂಪಾಯಿ. ಅಷ್ಟೇ ಕೆಲಸಕ್ಕೆ ಡೀಸೆಲ್ ಸುಮಾರು 140 ಲೀಟರ್ ಬೇಕು, ಹನ್ನೆರಡು ಸಾವಿರ ರೂಪಾಯಿಗೂ ಮೇಲೆ. ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ: ಚಾವಣಿಯ ಮೇಲಿನ 20 ಕಿಲೋವಾಟ್ ಫಲಕಗಳು ಒಳ್ಳೆ ಬಿಸಿಲಿನ ದಿನ ಕೊಡುವುದು ಎಂಬತ್ತು ಯೂನಿಟ್ ಆಸುಪಾಸು. ‘ಆದಿತ್ಯ’ ಹಗುರ, ಅದಕ್ಕೆ ಅಷ್ಟು ಬಹುಮಟ್ಟಿಗೆ ಸಾಕು. ಕಾರು ಹೊರುವ ಫೆರಿ ದಡದ ಚಾರ್ಜಿಂಗನ್ನೇ ನಂಬಬೇಕು.

ಸುರಕ್ಷತೆಯ ಪ್ರಶ್ನೆ ಖರ್ಚಿನ ಲೆಕ್ಕಕ್ಕಿಂತ ಗಂಭೀರ. 2022ರಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿ ಉರಿದವು. ಆ ಬಳಿಕ ಎಐಎಸ್-156 ಎಂಬ ಮಾನದಂಡವನ್ನು ಬಿಗಿ ಮಾಡಿ 2022ರ ಡಿಸೆಂಬರಿನಿಂದ ಎರಡು ಹಂತಗಳಲ್ಲಿ ಜಾರಿಗೆ ತಂದರು. ಕಾರಿನ ವಿಷಯಕ್ಕೆ ಬಂದರೆ, ಸ್ವೀಡನ್ನಿನಲ್ಲಿ 2022ರಲ್ಲಿ ಆರು ಲಕ್ಷಕ್ಕೂ ಹೆಚ್ಚು ವಿದ್ಯುತ್ ಮತ್ತು ಹೈಬ್ರಿಡ್ ವಾಹನಗಳಲ್ಲಿ ಬೆಂಕಿ ಬಿದ್ದದ್ದು 23ಕ್ಕೆ. ಪೆಟ್ರೋಲ್, ಡೀಸೆಲ್ ಕಾರುಗಳ ಪ್ರಮಾಣ ಇದರ ಎಷ್ಟೋ ಪಟ್ಟು. ಹಾಗೆಂದು ನಿಶ್ಚಿಂತರಾಗಬಾರದು, ಏಕೆಂದರೆ ಬ್ಯಾಟರಿ ಬೆಂಕಿ ಅಪರೂಪವಾದರೂ ಹಠಮಾರಿ, ಅದರ ಜೊತೆ ಸ್ಫೋಟಕ ಅನಿಲ ಬರುತ್ತದೆ. ಕರಾವಳಿಯಲ್ಲಿ ಉಪ್ಪುನೀರು ಇನ್ನೊಂದು ಶತ್ರು. 2022ರಲ್ಲಿ ಫ್ಲಾರಿಡಾಕ್ಕೆ ಇಯಾನ್ ಚಂಡಮಾರುತ ಬಡಿದಾಗ, ಕಡಲನೀರಿನಲ್ಲಿ ಮುಳುಗಿದ್ದ ಕೆಲವು ವಿದ್ಯುತ್ ಕಾರುಗಳು ನೀರಿಳಿದ ಮೇಲೆ ಹೊತ್ತಿಕೊಂಡವು. ದೋಣಿಗಳ ಪಾಠವೂ ಇದೇ. ನಾರ್ವೆಯ ‘ಇಟ್ಟೆರೋಯ್ನಿಂಗನ್’ ಫೆರಿಯ ಬ್ಯಾಟರಿ ಕೋಣೆಗೆ 2019ರ ಅಕ್ಟೋಬರಿನಲ್ಲಿ ಬೆಂಕಿ ಬಿತ್ತು; ಮರುದಿನ ಅದೇ ದೋಣಿಯೊಳಗೆ ಅನಿಲ ಸ್ಫೋಟಿಸಿತು. 2021ರ ಮಾರ್ಚಿನಲ್ಲಿ ‘ಬ್ರಿಮ್’ ಎಂಬ ಪ್ರವಾಸಿ ದೋಣಿ ಸುಟ್ಟಾಗ, ಗಾಳಿ ಬರಲೆಂದು ಬಿಟ್ಟ ಕಿಂಡಿಯಿಂದ ಬ್ಯಾಟರಿ ಕೋಣೆಗೆ ಕಡಲನೀರು ನುಗ್ಗಿದ್ದೇ ಕಾರಣವಿರಬೇಕೆಂದು ತನಿಖೆ ಕಂಡುಕೊಂಡಿತು. ಈ ಕಿಂಡಿಯ ಸಂಗತಿಯನ್ನು ಗೋವಾದ ಎಂಜಿನಿಯರುಗಳು ಮರೆಯಕೂಡದು. ಜೂನ್–ಜುಲೈನಲ್ಲಿ ಅಡ್ಡಮಳೆ, ಉಪ್ಪುಗಾಳಿ ಎರಡೂ ಒಟ್ಟಿಗೆ ಬಂದು ಬಡಿಯುವುದು ಇಂಥ ಕಿಂಡಿಗೇ. ಕೊಚ್ಚಿಯವರು ತೂಕ ಹೆಚ್ಚಾದರೂ ಸರಿಯೆಂದು ಲಿಥಿಯಂ ಟೈಟನೇಟ್ ಬ್ಯಾಟರಿ ಆರಿಸಿಕೊಂಡರು. ಅದು ಬೇಗ ಚಾರ್ಜ್ ಆಗುತ್ತದೆ, ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಒಂದು ಕಿಲೋಮೀಟರ್ ಒಳಗಿನ ದಾಟಿಗೆ ಹೆಚ್ಚಿನ ತೂಕ ಲೆಕ್ಕಕ್ಕೇ ಬಾರದು.

ಇನ್ನೊಂದು ಆಕ್ಷೇಪ ನಮ್ಮ ಬಾಗಿಲಿಗೇ ಬರುತ್ತದೆ. ಗೋವಾದಲ್ಲಿ ದೊಡ್ಡ ವಿದ್ಯುತ್ ಸ್ಥಾವರಗಳಿಲ್ಲ. ಬರುವ ವಿದ್ಯುತ್ತಿನ ಬಹುಪಾಲು ಹೊರರಾಜ್ಯಗಳ ಕಲ್ಲಿದ್ದಲಿನದು. ವಿದ್ಯುತ್ ಪೂರೈಕೆ ಹೆಚ್ಚಿಸಲೆಂದು ಧಾರವಾಡ ಬಳಿಯ ನರೇಂದ್ರದಿಂದ ಗೋವಾದ ಶೆಲ್ಡೆಗೆ ಎಳೆಯಹೊರಟ 400 ಕೆ.ವಿ. ಲೈನು ಪಶ್ಚಿಮ ಘಟ್ಟದ ಮೊಲ್ಲೆಂ ಕಾಡು ಸೀಳುತ್ತದೆಂದು 2020ರಿಂದ ಹೋರಾಟ ನಡೆಯಿತು. ಹಾಗಿದ್ದಮೇಲೆ ಎಲೆಕ್ಟ್ರಿಕ್ ಎಂದರೆ ಹೊಗೆಯನ್ನೂ ಕೊಡಲಿಯನ್ನೂ ಬೇರೆಯವರ ಅಂಗಳಕ್ಕೆ ಸಾಗಿಸಿದಂತೆ ಅಲ್ಲವೇ? ಮಾತು ನ್ಯಾಯವಾದದ್ದೇ. ಲಕ್ಷಗಟ್ಟಲೆ ಖಾಸಗಿ ಕಾರುಗಳನ್ನು ವಿದ್ಯುತ್ತಿಗೆ ಬದಲಿಸಿದರೆ ಈ ಪ್ರಶ್ನೆ ಇನ್ನೂ ಜೋರಾಗುತ್ತದೆ. ಫೆರಿಯ ವಿಷಯದಲ್ಲಿ ಅದಕ್ಕೆ ಅಷ್ಟು ಬಲವಿಲ್ಲ. ಒಂದು ದೋಣಿಗೆ ದಿನಕ್ಕೆ 500 ಯೂನಿಟ್ಟು ಕೊಟ್ಟರೆ ಸಾವಿರಾರು ಜನ ನದಿ ದಾಟುತ್ತಾರೆ. ಅಷ್ಟನ್ನು ಹುಟ್ಟಿಸಲು ಧಕ್ಕೆಯ ಶೆಡ್ಡು, ಸರ್ಕಾರಿ ಕಟ್ಟಡಗಳ ಚಾವಣಿಗಳೇ ಸಾಲುತ್ತವೆ. ಮಾಂಡವಿಯ ನೀರಿಗೆ ಡೀಸೆಲ್ ಜಿಡ್ಡು ಸೇರುವುದು ನಿಲ್ಲುವುದು ಬೇರೆಯದೇ ಲಾಭ.

ಒಳನಾಡು ಜಲಸಾರಿಗೆ ಹಡಗುಗಳನ್ನು ಹಸಿರಾಗಿಸಲು ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ‘ಹರಿತ್ ನೌಕಾ’ ಮಾರ್ಗಸೂಚಿ ಪ್ರಕಟಿಸಿತು, ಗುರಿ 2047. ಅಷ್ಟು ಕಾಯುವ ಅಗತ್ಯ ಗೋವಾಕ್ಕಿಲ್ಲ. ಹಡಗು ಕಟ್ಟುವವರು ವಾಸ್ಕೊದಲ್ಲೇ ಇದ್ದಾರೆ, ಮಾರ್ಗಗಳು ಸಿದ್ಧ ಇವೆ. ನದಿ ಸಂಚಾರ ಇಲಾಖೆ ಪಣಜಿ–ಬೇತಿ ಮಾರ್ಗಕ್ಕೆ ವಾಹನ ಹೊರುವ ಒಂದೇ ಒಂದು ವಿದ್ಯುತ್ ಫೆರಿ ತರಲಿ. ಬ್ಯಾಟರಿ ಕೋಣೆ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಕಿಂಡಿಗೆ ನೀರು ನುಗ್ಗದ ವ್ಯವಸ್ಥೆ ಇರಬೇಕು ಎಂಬ ಷರತ್ತುಗಳನ್ನು ಟೆಂಡರಿನಲ್ಲೇ ಬರೆಯಲಿ. ಒಂದು ಪೂರ್ತಿ ಮಳೆಗಾಲ ಓಡಿಸಿ, ಯೂನಿಟ್ ಖರ್ಚು, ರಿಪೇರಿ, ನಿಂತ ದಿನಗಳ ಲೆಕ್ಕವನ್ನು ಜನರ ಮುಂದಿಟ್ಟ ಮೇಲೆ ಎರಡನೆಯದನ್ನು ಕೊಳ್ಳಲಿ.