ಉಂಡ ಮನೆಯ ಜಂತೆ ಎಣಿಸುವವರು ಯಾರು?

ಬ್ರಿಟನ್ನಿನ ಸಂಸತ್ತಿನ ಕೆಳಮನೆಯ ಸದಸ್ಯರಿಗೆ ರಾಜೀನಾಮೆ ಕೊಡುವ ಹಕ್ಕೇ ಇಲ್ಲ ಅಂದ್ರೆ ನಂಬ್ತೀರಾ? 1624ರಲ್ಲಿ ಆ ಸದನವೇ ಮಾಡಿಕೊಂಡ ನಿರ್ಣಯ ಅದು. ಹಾಗಾದರೆ 2007ರಲ್ಲಿ ಟೋನಿ ಬ್ಲೇರ್, 2023ರಲ್ಲಿ ಬೋರಿಸ್ ಜಾನ್ಸನ್ ಸದನದಿಂದ ಹೊರಬಂದದ್ದು ಹೇಗೆ? ಇಬ್ಬರೂ ಅರಮನೆಯ ನೌಕರಿಗೆ ಸೇರಿಕೊಂಡರು! ಚಿಲ್ಟರ್ನ್ ಹಂಡ್ರೆಡ್ಸ್ ಅನ್ನುವ ಗುಡ್ಡದ ಸೀಮೆಯ ಮೇಲ್ವಿಚಾರಕನ ನೌಕರಿ ಅದು. ಒಂದು ಕಾಲದಲ್ಲಿ ಆ ಗುಡ್ಡಗಳಲ್ಲಿ ದರೋಡೆಕೋರರ ಕಾಟವಿತ್ತಂತೆ, ಅವರನ್ನು ಹಿಡಿಯೋಕೆ ಅಂತ ಇದ್ದ ಹುದ್ದೆ. ಈಗ ಕೆಲಸವೂ ಇಲ್ಲ, ಸಂಬಳವೂ ಇಲ್ಲ. ಆದರೆ ಕಡತದಲ್ಲಿ ಅದು 'ರಾಜನ ಕೈಕೆಳಗಿನ ಲಾಭದಾಯಕ ಹುದ್ದೆ'. ಅಂಥ ಹುದ್ದೆ ಹಿಡಿದವರು ಸದನದಲ್ಲಿ ಕೂರುವಂತಿಲ್ಲ. ಹುದ್ದೆ ಸಿಕ್ಕ ಕ್ಷಣ ಸೀಟು ಖಾಲಿ. 1751ರಿಂದಲೂ ಈ ಉಪಾಯ ನಡೆದುಕೊಂಡು ಬಂದಿದೆ.

ನಗು ಬರುತ್ತೆ ನಿಜ. ಆದರೆ ಈ ತಮಾಷೆಯ ಹಿಂದೆ ಒಂದು ಗಂಭೀರ ಭಯ ಇದೆ.

ಎರಡನೇ ಚಾರ್ಲ್ಸ್ ದೊರೆಯ ಕಾಲದಲ್ಲಿ 1661ರಿಂದ 1679ರವರೆಗೆ ಒಂದೇ ಸಂಸತ್ತು ನಡೆಯಿತು. ಜನ ಅದಕ್ಕಿಟ್ಟ ಅಡ್ಡಹೆಸರು 'ಪಿಂಚಣಿ ಸಂಸತ್ತು'. ರಾಜನ ಖರ್ಚನ್ನು ಪ್ರಶ್ನಿಸಬೇಕಾದ ಸದಸ್ಯರಿಗೇ ರಾಜ ಪಿಂಚಣಿ, ಹುದ್ದೆ ಹಂಚಿ ಬಾಯಿ ಮುಚ್ಚಿಸುತ್ತಿದ್ದ ಅನ್ನೋದು ದೂರು. ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಉಂಡ ಮನೆಯ ಜಂತೆ ಎಣಿಸಬಾರದು ಅಂತ. ನೆಂಟರ ಮನೆಯಲ್ಲಿ ಅದು ಒಳ್ಳೆಯ ಗುಣ. ಆದರೆ ಶಾಸಕನ ಕೆಲಸವೇ ಸರ್ಕಾರದ ಜಂತೆ ಎಣಿಸೋದು. ಅವನು ಅದೇ ಮನೆಯಲ್ಲಿ ಊಟಕ್ಕೆ ಕೂತರೆ?

ಅದಕ್ಕೇ 1701ರಲ್ಲಿ ಸಂಸತ್ತು ಕಡ್ಡಿ ಮುರಿದಂತೆ ಹೇಳಿತು: ರಾಜನಿಂದ ಹುದ್ದೆ ಅಥವಾ ಪಿಂಚಣಿ ಪಡೆಯುವವರು ಯಾರೂ ಕೆಳಮನೆಯಲ್ಲಿ ಇರುವಂತಿಲ್ಲ. ಇದು ಜಾರಿಗೆ ಬರಬೇಕಿದ್ದದ್ದು ಮುಂದಿನ ರಾಜವಂಶ ಪಟ್ಟಕ್ಕೆ ಬಂದ ಮೇಲೆ. ಬಂದಿದ್ದರೆ ಮಂತ್ರಿಗಳೂ ಸದನದ ಹೊರಗೇ ಇರಬೇಕಾಗುತ್ತಿತ್ತು. ಹಾಗಾಗಲಿಲ್ಲ. 1707ರ ಹೊತ್ತಿಗೆ ಒಂದು ನಡುದಾರಿ ಹುಡುಕಿದರು. ಹೊಸದಾಗಿ ಹುಟ್ಟಿದ ಹುದ್ದೆಗಳಿಗೆ ಪೂರ್ತಿ ನಿಷೇಧ. ಹಳೆಯ ಹುದ್ದೆಯಾದರೆ ಸೀಟು ಬಿಟ್ಟು ಮತ್ತೆ ಚುನಾವಣೆಗೆ ನಿಲ್ಲಬೇಕು. 'ನಾನೀಗ ಸರ್ಕಾರದ ಮನುಷ್ಯ, ಆದರೂ ನಿಮ್ಮ ಪ್ರತಿನಿಧಿಯಾಗಿ ಇರಲಾ?' ಅಂತ ಮತದಾರರನ್ನೇ ಕೇಳಬೇಕು.

ಇದು ಬರೀ ಶಾಸ್ತ್ರಕ್ಕೆ ಇದ್ದ ನಿಯಮ ಅಂದ್ಕೋಬೇಡಿ. 1908ರಲ್ಲಿ ಮೊದಲ ಸಲ ಸಂಪುಟ ದರ್ಜೆಗೆ ಏರಿದ ವಿನ್‌ಸ್ಟನ್ ಚರ್ಚಿಲ್ ಹೀಗೇ ಮ್ಯಾಂಚೆಸ್ಟರ್‌ನಲ್ಲಿ ಮರುಚುನಾವಣೆಗೆ ನಿಂತು 429 ಮತಗಳಿಂದ ಸೋತರು! ಆಮೇಲೆ ಸ್ಕಾಟ್ಲೆಂಡಿನ ಡಂಡಿಗೆ ಹೋಗಿ ಗೆದ್ದು ಬರಬೇಕಾಯ್ತು. ಮಂತ್ರಿಗಳಿಗೆ ಇದು ತಲೆನೋವಾಗಿ, 1919ರಲ್ಲಿ ನಿಯಮ ಸಡಿಲಿಸಿ 1926ರಲ್ಲಿ ಪೂರ್ತಿ ಕೈಬಿಟ್ಟರು.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮ ಸಂವಿಧಾನದ 102ನೇ ವಿಧಿ ಸಂಸದರಿಗೆ, 191ನೇ ವಿಧಿ ಶಾಸಕರಿಗೆ ಇದೇ ನಿಷೇಧ ಹಾಕಿದೆ. ಮಂತ್ರಿಗಳಿಗೆ ವಿನಾಯಿತಿ ಅಲ್ಲೇ ಇದೆ. ಆದರೆ 'ಲಾಭದಾಯಕ ಹುದ್ದೆ' ಅಂದ್ರೆ ಏನು ಅಂತ ಸಂವಿಧಾನ ಎಲ್ಲೂ ವಿವರಿಸಿಲ್ಲ. ಹಾಗಾಗಿ ಆ ಕೆಲಸ ಕೋರ್ಟುಗಳ ತಲೆಗೆ ಬಂತು. ಶುರುವಿನ ಮುಖ್ಯ ತೀರ್ಪುಗಳಲ್ಲೊಂದು ಹೋದದ್ದು ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಯಿಂದ! ಅಲ್ಲಿನ ಚುನಾವಣೆಯೊಂದರಲ್ಲಿ ಅಭ್ಯರ್ಥಿಯೊಬ್ಬರು ತಾಲ್ಲೂಕು ಅಭಿವೃದ್ಧಿ ಸಮಿತಿಯ ಅಧ್ಯಕ್ಷರೂ ಆಗಿದ್ದರು. ಸಭೆಯೊಂದಕ್ಕೆ 6 ರೂಪಾಯಿ ಭತ್ಯೆ. ಇದು ಲಾಭವೋ ಅಲ್ಲವೋ ಅನ್ನೋ ಜಗಳ ಸುಪ್ರೀಂ ಕೋರ್ಟ್ ತನಕ ಹೋಯ್ತು. 1954ರಲ್ಲಿ ಕೋರ್ಟ್ ಹೇಳಿತು, ಇದು ಸಂಬಳವಲ್ಲ, ಕೈಯಿಂದ ಆಗುವ ಖರ್ಚಿಗೆ ಕೊಡೋದು, ಹಾಗಾಗಿ ಲಾಭವಲ್ಲ. ನ್ಯಾಯವಾದ ಮಾತೇ.

ಆದರೆ ಅಲ್ಲಿಂದ ಮುಂದೆ ಚರ್ಚೆಯೆಲ್ಲ ದುಡ್ಡಿನ ಸುತ್ತಲೇ ತಿರುಗತೊಡಗಿತು. 2001ರಲ್ಲಿ ಶಿಬು ಸೊರೇನ್ ಅವರ ರಾಜ್ಯಸಭಾ ಆಯ್ಕೆ ರದ್ದಾಯ್ತು. ಜಾರ್ಖಂಡ್ ಪ್ರದೇಶದ ಸ್ವಾಯತ್ತ ಮಂಡಳಿಯ ಅಧ್ಯಕ್ಷರಾಗಿ ಅವರಿಗೆ ತಿಂಗಳಿಗೆ 1,750 ರೂಪಾಯಿ ಗೌರವಧನ ಇತ್ತು, 'ಗೌರವಧನ' ಅಂತ ಹೆಸರಿಟ್ಟ ಮಾತ್ರಕ್ಕೆ ಲಾಭ ಅಲ್ಲ ಅನ್ನೋಕಾಗಲ್ಲ ಅಂತ ಕೋರ್ಟ್ ತೀರ್ಪು. 2006ರಲ್ಲಿ ಜಯಾ ಬಚ್ಚನ್ ಸರದಿ. ಉತ್ತರ ಪ್ರದೇಶದ ಚಲನಚಿತ್ರ ಅಭಿವೃದ್ಧಿ ಮಂಡಳಿಯ ಅಧ್ಯಕ್ಷೆಗೆ ತಿಂಗಳಿಗೆ 5,000 ರೂಪಾಯಿ ಗೌರವಧನ, ಕಾರು, ಫೋನು. 'ನಾನು ಒಂದು ಪೈಸೆಯನ್ನೂ ಮುಟ್ಟಿಲ್ಲ' ಅನ್ನೋದು ಅವರ ವಾದ. ಮುಟ್ಟಿದಿರೋ ಇಲ್ಲವೋ ಮುಖ್ಯವಲ್ಲ, ಹುದ್ದೆಗೆ ಲಾಭ ಕೊಡುವ ಶಕ್ತಿ ಇದ್ದರೆ ಸಾಕು ಅಂದಿತು ಕೋರ್ಟ್. ರಾಜ್ಯಸಭೆಯ ಸೀಟು ಹೋಯ್ತು.

ಆಮೇಲೆ ನಡೆದದ್ದೇ ನಿಜವಾದ ಕಥೆ. ಅದೇ ತಕ್ಕಡಿಯಲ್ಲಿ ತೂಗಿದರೆ ಎಲ್ಲ ಪಕ್ಷದಲ್ಲೂ ಸಿಕ್ಕಿಬೀಳುವವರಿದ್ದರು. ರಾಷ್ಟ್ರೀಯ ಸಲಹಾ ಮಂಡಳಿಯ ಅಧ್ಯಕ್ಷೆಯಾಗಿದ್ದ ಸೋನಿಯಾ ಗಾಂಧಿ 2006ರ ಮಾರ್ಚ್‌ನಲ್ಲಿ ಆ ಹುದ್ದೆಗೂ ಲೋಕಸಭೆಗೂ ರಾಜೀನಾಮೆ ಕೊಟ್ಟು, ರಾಯ್‌ಬರೇಲಿಯಲ್ಲಿ ಮತ್ತೆ ನಿಂತು ಗೆದ್ದರು (ಗೊತ್ತಿದ್ದೋ ಗೊತ್ತಿಲ್ಲದೆಯೋ, ಚರ್ಚಿಲ್ ಕಾಲದ ದಾರಿ!). ಉಳಿದವರಿಗೆ ಸಂಸತ್ತು ಸುಲಭದ ದಾರಿ ಹುಡುಕಿತು. 1959ರ ಕಾಯ್ದೆಯಲ್ಲಿ ವಿನಾಯಿತಿ ಹುದ್ದೆಗಳ ಪಟ್ಟಿ ಇತ್ತಲ್ಲ, ಅದಕ್ಕೆ ಐವತ್ತಕ್ಕೂ ಹೆಚ್ಚು ಸಂಸ್ಥೆಗಳ ಹೆಸರು ಸೇರಿಸಿತು. ಆಗಿನ ಸ್ಪೀಕರ್ ಸೋಮನಾಥ ಚಟರ್ಜಿ ಅಧ್ಯಕ್ಷರಾಗಿದ್ದ ಶ್ರೀನಿಕೇತನ-ಶಾಂತಿನಿಕೇತನ ಅಭಿವೃದ್ಧಿ ಪ್ರಾಧಿಕಾರವೂ ಅದರಲ್ಲಿತ್ತು. ಜಾರಿ ಯಾವತ್ತಿನಿಂದ? 1959ರ ಏಪ್ರಿಲ್‌ನಿಂದ! ರಾಷ್ಟ್ರಪತಿ ಕಲಾಂ ಮಸೂದೆಯನ್ನು ವಾಪಸ್ ಕಳಿಸಿ, ಹಳೆಯ ದಿನಾಂಕದಿಂದ ಅನ್ವಯಿಸೋದು ಸರಿಯೇ, ಎಲ್ಲ ರಾಜ್ಯಗಳಿಗೂ ಒಪ್ಪುವ ಸ್ಪಷ್ಟ ಮಾನದಂಡ ಬೇಡವೇ ಅಂತ ಕೇಳಿದರು. ಸಂಸತ್ತು ಒಂದಕ್ಷರ ಬದಲಿಸದೆ ಮತ್ತೆ ಪಾಸು ಮಾಡಿತು. ಎರಡನೇ ಸಲ ವಾಪಸ್ ಕಳಿಸಲು ಸಂವಿಧಾನದಲ್ಲಿ ಅವಕಾಶವಿಲ್ಲ. ಆಗಸ್ಟ್‌ನಲ್ಲಿ ಸಹಿ ಬಿತ್ತು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಕೋಡ್ ಬರೆದವನೇ ಅದನ್ನು ರಿವ್ಯೂ ಮಾಡಿ ಒಪ್ಪಿಗೆ ಕೊಡುವಂತಿಲ್ಲ. ಅವನು ಕಳ್ಳ ಅಂತಲ್ಲ, ಅವನ ತಪ್ಪು ಅವನಿಗೆ ಕಾಣಲ್ಲ ಅಂತ. ಇಲ್ಲಿ ಆದದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಯಾವ ಕೋಡಿಗೆ ರಿವ್ಯೂ ಬೇಡ ಅನ್ನೋ ಪಟ್ಟಿಯನ್ನೂ ಅದನ್ನು ಬರೆದವರೇ ತಯಾರು ಮಾಡಿದರು.

ರಾಜ್ಯಗಳ ಕಥೆಯೂ ಬೇರೆಯಲ್ಲ. ಸಚಿವರ ಸಂಖ್ಯೆ ಸದನದ ಶೇಕಡ 15 ದಾಟಬಾರದು ಅಂತ 2003ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಬಂತು. ಕರ್ನಾಟಕಕ್ಕೆ ಲೆಕ್ಕ ಹಾಕಿದರೆ ಮುಖ್ಯಮಂತ್ರಿ ಸೇರಿ 34. ಉಳಿದವರ ಅಸಮಾಧಾನಕ್ಕೆ ಮದ್ದು? ಸಂಸದೀಯ ಕಾರ್ಯದರ್ಶಿ, ಇಲ್ಲವೇ ನಿಗಮ-ಮಂಡಳಿ. ದೆಹಲಿಯಲ್ಲಿ 2015ರಲ್ಲಿ 21 ಶಾಸಕರನ್ನು ಸಂಸದೀಯ ಕಾರ್ಯದರ್ಶಿ ಮಾಡಿದರು. 2018ರ ಜನವರಿಯಲ್ಲಿ 20 ಮಂದಿ ಅನರ್ಹರಾದರು. ಅವರ ವಾದ ಸರಿಯಾಗಿ ಕೇಳಿಲ್ಲ ಅಂತ ಮಾರ್ಚ್‌ನಲ್ಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. ಅಸ್ಸಾಮಿನ ಸಂಸದೀಯ ಕಾರ್ಯದರ್ಶಿಗಳ ಕಾಯ್ದೆಯನ್ನಂತೂ 2017ರಲ್ಲಿ ಸುಪ್ರೀಂ ಕೋರ್ಟೇ ಹೊಡೆದುಹಾಕಿತು. ನಮ್ಮಲ್ಲಿ 1956ರಿಂದಲೇ ಶಾಸಕರ ಅನರ್ಹತೆ ತಡೆಯುವ ಕಾಯ್ದೆ ಇದೆ. ಯಾವ ಪಕ್ಷ ಬಂದರೂ ನಿಗಮ-ಮಂಡಳಿ ಪಟ್ಟಿಯ ಗುದ್ದಾಟ ತಪ್ಪಿದ್ದಲ್ಲ.

ನನಗನ್ನಿಸೋದು ಇಷ್ಟೇ. 6 ರೂಪಾಯಿಯೋ 5,000 ರೂಪಾಯಿಯೋ ಅನ್ನೋದು ತಪ್ಪು ಪ್ರಶ್ನೆ. ಚಿಲ್ಟರ್ನ್ ಗುಡ್ಡದ ನೌಕರಿಯಲ್ಲಿ ಬಿಡಿಗಾಸೂ ಇಲ್ಲ, ಆದರೂ ಸೀಟು ಹೋಗುತ್ತೆ. ನಮ್ಮಲ್ಲಿ ಸಂಪುಟ ದರ್ಜೆ, ಕಾರು, ಕಚೇರಿ ಎಲ್ಲ ಇದ್ದರೂ ಪಟ್ಟಿಯಲ್ಲಿ ಹೆಸರಿದ್ದರೆ ಸೀಟು ಭದ್ರ. ಬ್ರಿಟನ್ನಿನ 1975ರ ಕಾಯ್ದೆ ಯಾವ ಹುದ್ದೆ ಹಿಡಿಯಬಾರದು ಅಂತ ಪಟ್ಟಿ ಮಾಡುತ್ತೆ, ಜೊತೆಗೆ ಕೆಳಮನೆಯಲ್ಲಿ ಸಂಬಳದ ಮಂತ್ರಿಗಳು 95ಕ್ಕಿಂತ ಹೆಚ್ಚಿರಬಾರದು ಅನ್ನುತ್ತೆ. ನಾವು ಯಾವುದು ಹಿಡಿಯಬಹುದು ಅಂತ ಪಟ್ಟಿ ಮಾಡುತ್ತೇವೆ, ಪಟ್ಟಿ ಬೆಳೆಯುತ್ತಲೇ ಹೋಗುತ್ತೆ.

ಸರ್ಕಾರಿ ನಿಗಮಗಳ ಲೆಕ್ಕಪತ್ರ ನೋಡೋಕೆ ನಮ್ಮ ವಿಧಾನಮಂಡಲದಲ್ಲಿ ಸಾರ್ವಜನಿಕ ಉದ್ಯಮಗಳ ಸಮಿತಿ ಅಂತ ಇದೆ. ಅದರಲ್ಲಿ ಕೂರುವವರೂ ಶಾಸಕರೇ. ನಿಗಮದ ಅಧ್ಯಕ್ಷರೂ ಶಾಸಕರೇ. ಪಕ್ಕದ ಕುರ್ಚಿಯ ಗೆಳೆಯನ ಲೆಕ್ಕವನ್ನು ಎಷ್ಟು ಗಟ್ಟಿಯಾಗಿ ಕೇಳೋಕಾಗುತ್ತೆ, ಅದೂ ಮುಂದಿನ ಪಟ್ಟಿಯಲ್ಲಿ ತನ್ನ ಹೆಸರೂ ಇರಬಹುದು ಅನ್ನೋ ಆಸೆ ಇದ್ದಾಗ? ಮುಂದಿನ ಸಲ ಪೇಪರಿನಲ್ಲಿ ಆ ಪಟ್ಟಿ ಬಂದಾಗ ಯಾರಿಗೆ ಸಿಕ್ತು, ಯಾರಿಗೆ ತಪ್ಪಿತು ಅಂತಷ್ಟೇ ಓದಬೇಡಿ. ಆ ನಿಗಮವನ್ನು ಇನ್ಮೇಲೆ ಪ್ರಶ್ನಿಸುವವರು ಯಾರು ಉಳಿದರು ಅಂತಲೂ ನೋಡಿ. ನಿಮಗೇನನ್ನಿಸುತ್ತೆ, ಹೇಳಿ.